ಕೊಳೆತ ಈರುಳ್ಳಿಯ ಪಾಠ

ಎಂಬತ್ತರ ದಶಕದಲ್ಲಿ ಲಕ್ವ ಹೊಡೆದು ಅಪ್ಪನ ಮಾತು ಬಿದ್ದುಹೋಯಿತು. ಮಾತು ಕಲಿಸುವ ಮೇಡಂ ಆಸ್ಪತ್ರೆಯಲ್ಲಿ ಸಿಗುತ್ತಿದ್ದುದು ವಾರಕ್ಕೊಮ್ಮೆ. ಅದು ಸಾಲದು, ಮನೆಯಲ್ಲಿ ದಿನವೂ ಮಾತಾಡಿಸಿ ಎಂದರು. ಆದರೆ ಅಪ್ಪ ಬೆರಳೆತ್ತಿದರೆ ಸಾಕು, ಅಮ್ಮ ನೀರು ತಂದುಬಿಡುತ್ತಿದ್ದಳು. ಬಾಯಿಗೆ ಕೆಲಸವೇ ಇರಲಿಲ್ಲ.

ಬಾಯಿಗೆ ಕೆಲಸ ಕೊಟ್ಟವರು ಯಶವಂತಪುರದ ಮಂಡಿಯಲ್ಲಿ ಅಪ್ಪನ ಪಕ್ಕದಂಗಡಿಯ ಸಾಹೇಬರು. ದಿನಾ ಸಂಜೆ ಮನೆಗೆ ಬಂದು, ಈರುಳ್ಳಿ ವ್ಯಾಪಾರಿಯಾದ ಅಪ್ಪನ ಕೈಗೆ ಕೊಳೆತ ಈರುಳ್ಳಿ ಇಟ್ಟು, "ಫಸ್ಟ್ ಕ್ಲಾಸ್ ಮಾಲು, ಅಣ್ಣಾ," ಎನ್ನುತ್ತಿದ್ದರು. ಅಪ್ಪ ಸಿಟ್ಟಿನಿಂದ ತಡವರಿಸಿ "ಕೊಳೆತದ್ದು" ಎನ್ನುವವರೆಗೆ ಆ ಪುಣ್ಯಾತ್ಮರು ಏಳುತ್ತಿರಲಿಲ್ಲ. ಮನೆಯೆಲ್ಲ ಗಬ್ಬು ನಾರುತ್ತಿತ್ತು.

ಒಂದು ಸಂಜೆ ಅಪ್ಪ ಪೂರ್ತಿಯಾಗಿ ಬೈದರು: "ನಿಂಗೆ ವ್ಯಾಪಾರ ಮಾಡೋಕ್ ಬರಲ್ಲ, ಮನೆಗ್ ಹೋಗಯ್ಯ."

ಅಮ್ಮ ಅಳುತ್ತಲೇ ಸಾಹೇಬರಿಗೆ ಕಾಫಿ ತಂದಳು. ಅವರು ನೆಮ್ಮದಿಯಾಗಿ ಕುಡಿದು, ಚೀಲದಿಂದ ಇನ್ನೊಂದು ಕೊಳೆತ ಈರುಳ್ಳಿ ತೆಗೆದರು.