ಕಾರಿಗೆ ಗಂಡು ನೋಡಿದ್ದು

ನಮ್ಮ ಕಾರನ್ನು ನೋಡಲು ಬಂದವರನ್ನೆಲ್ಲ ಮನೆಯೊಳಗೆ ಕೂರಿಸಿ ಅವಲಕ್ಕಿ ಕೊಟ್ಟೆವು. ಪುಣೆಯಲ್ಲಿ ಹೆಣ್ಣು ನೋಡಲು ಬಂದವರಿಗೆ ಕೊಡುವುದು ಅದನ್ನೇ: ಈರುಳ್ಳಿ ಹಾಕಿದ ಅವಲಕ್ಕಿ, ಕಾಂದೆ ಪೋಹೆ. ಕಾರು ಕೊಳ್ಳಲು ಬಂದವನಿಗೆ ಈ ಉಪಚಾರ ಯಾಕೆ ಎಂದು ಯಾರೂ ಕೇಳಲಿಲ್ಲ. ತಿಂದರು, ಬಾಯಿ ಒರೆಸಿಕೊಂಡರು, ಮೆಟ್ಟಿಲಿಳಿದು ಹೋದರು. ಒಬ್ಬರಿಗೂ ನಾನು ಹೂಂ ಅನ್ನಲಿಲ್ಲ.

ಕೊಟ್ಟೆವು ಎಂದು ಬರೆದೆ. ಮಾಡಿದವಳು ಅಕ್ಕ, ತಂದಿಟ್ಟವಳು ಅಕ್ಕ, ತಟ್ಟೆ ತೊಳೆದವಳೂ ಅಕ್ಕ. ನಾನು ಕಾಲಮೇಲೆ ಕಾಲು ಹಾಕಿ ಕೂತು ಪ್ರಶ್ನೆ ಕೇಳುತ್ತಿದ್ದೆ.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಪುಣೆಯ ಕ್ಯಾಂಪ್ ಬಡಾವಣೆಯ ಒಂದು ಹಿಂದಿನ ಗಲ್ಲಿಯಲ್ಲಿ ಕಾರಿನ ಸೀಟು ಹೊಲಿಯುವುದು ನನ್ನ ಕೆಲಸ. ಅಕ್ಕ ನನಗಿಂತ ದೊಡ್ಡವಳು, ಓದಿದವಳು. ಶಿವಾಜಿನಗರದ ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ಸೇರಿ ಅಲ್ಲಿಯೇ ನಿವೃತ್ತಳಾದಳು. ಧಾರವಾಡದ ಕಡೆಯಿಂದ ಬಂದಿದ್ದ ಅಪ್ಪ ಅವ್ವ ಬೇಗ ತೀರಿಕೊಂಡರು. ಆಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರೇ. ಅವಳು ದುಡಿದಳು, ಅಡಿಗೆ ಮಾಡಿದಳು. ನಾನು ಮನೆಯ ಗಂಡಸಾಗಿದ್ದೆ. ಅದೂ ಒಂದು ಕೆಲಸವೆಂದು ಆಗ ನಂಬಿದ್ದೆ.

ಕಾರು ಸಿಕ್ಕಿದ್ದು ಕ್ಯಾಂಪಿನ ಒಂದು ಹಳೆಯ ಬಂಗಲೆಯ ಹಿತ್ತಿಲಲ್ಲಿ. ದುಂಡು ಮೂಗಿನ, ನಾನು ಹುಟ್ಟುವ ಮೊದಲೇ ತಯಾರಾದ ಗಾಡಿ. ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿತ್ತು. ಬಂಗಲೆಯವರ ಸೋಫಾ ಹೊಲಿಯಲು ಹೋದವನು ಅದನ್ನು ನೋಡಿ ಊಟ ಬಿಟ್ಟೆ. ಅಕ್ಕ ಎರಡು ದಿನ ನೋಡಿದಳು, ಮೂರನೆಯ ದಿನ ಕೋರ್ಟಿನ ನೌಕರರ ಸೊಸೈಟಿಯಲ್ಲಿ ಸಾಲ ತೆಗೆದಳು. ಹಾಗಾಗಿ ಕಾಗದದಲ್ಲಿ ಕಾರು ಅವಳದು, ಬಾಯಿಮಾತಿನಲ್ಲಿ ನನ್ನದು. ವರ್ಷಗಟ್ಟಲೆ ಅದಕ್ಕೆ ಜೀವ ತುಂಬಿದೆ. ಎಂಜಿನ್ ಬೇರೆಯವರು ಕಟ್ಟಿದರು. ಸೀಟು, ಮೇಲಿನ ಹೊದಿಕೆ, ಬಾಗಿಲ ಒಳಮೈ ಎಲ್ಲ ನನ್ನ ಕೈಯ ಹೊಲಿಗೆ. ಕೆನೆ ಬಣ್ಣ ಹೊಡೆಸಿದೆ. ಹಳೆಯ ಕಾರುಗಳ ಮೆರವಣಿಗೆಯಲ್ಲಿ ಜರಿ ಪೇಟಾ ಸುತ್ತಿಕೊಂಡು ಓಡಿಸಿದೆ. ಅಂದು ಅಕ್ಕ ಫುಟ್‌ಪಾತಿನಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದಳು. ಮಳೆಗೆ ತೆಗೆಯುವಂತಿಲ್ಲ, ಬಿಸಿಲಿಗೆ ನಿಲ್ಲಿಸುವಂತಿಲ್ಲ, ಒಳಗೆ ಕೂತು ಭೇಳ್ ತಿನ್ನುವಂತಿಲ್ಲ. ಇಂಥ ಕಾರಿನ ಒಡತಿ ಮೂವತ್ತು ವರ್ಷ ಬಸ್ಸಿನಲ್ಲಿ ನೇತಾಡಿ ಕೋರ್ಟಿಗೆ ಹೋದಳು.

ನಿವೃತ್ತಳಾದ ಮೇಲೆ ಒಂದು ಸಂಜೆ ಸೊಪ್ಪು ಸೋಸುತ್ತ ಹೇಳಿದಳು, "ಖಡಕಿಯಾಗ ಒಂದು ಸಣ್ಣ ಮನಿ ನೋಡೀನಿ. ಒಂದ ಖೋಲಿ, ಒಂದ ಅಡಗಿಮನಿ. ಕಾರು ಮಾರಿದ್ರ ಕೈಗೆ ಬರ್ತದ."

"ಇಬ್ಬರಿಗೆ ಒಂದ ಖೋಲಿ ಹ್ಯಾಂಗ ಸಾಲ್ತದ?"

"ಇಬ್ಬರು ಯಾರಪಾ? ಹೋಗಾಕಿ ನಾ ಒಬ್ಬಾಕಿ."

"ಒಬ್ಬಾಕೀನ ಅಲ್ಲಿ ಹೋಗಿ ಏನ್ ಮಾಡ್ತಿ?"

"ಮುಂಜಾನೆ ಎದ್ದು ಯಾರಿಗೂ ಚಹಾ ಮಾಡೂದಿಲ್ಲ. ಅದನ್ನ ಮಾಡ್ತೀನಿ."

ನಾನು ನಕ್ಕೆ. ಅವಳು ನಗಲಿಲ್ಲ. ಸೊಪ್ಪಿನ ಕಡ್ಡಿ ಕಿತ್ತು ಬದಿಗಿಟ್ಟು ಮತ್ತೆ ಹೇಳಿದಳು, "ಹೆಸರು ನಂದಿದ್ರೂ ಅದು ನಿನ್ನ ಕೈಯಾಗ ಬೆಳದದ್ದು. ನೀ ಯಾರಿಗೆ ಕೊಡು ಅಂತಿ, ಅವರಿಗೆ ಕೊಡ್ತೀನಿ. ಒಳ್ಳೆಯವರನ್ನ ನೋಡು."

ಆ ಮಾತನ್ನು ಅವಳು ನನಗೆ ಹೇಳಬಾರದಿತ್ತು.

ಮೊದಲು ಬಂದವನು ಬಿಲ್ಡರ್. ಹೊಸ ಕಟ್ಟಡದ ಗೇಟಿನಲ್ಲಿ ಕಾರನ್ನು ನಿಲ್ಲಿಸಿ ಬಾನೆಟ್ಟಿನಲ್ಲಿ ಹೂವಿನ ಗಿಡ ನೆಡುತ್ತೇನೆಂದ. ಎಂಜಿನ್ ಏನು ಮಾಡುತ್ತೀರಿ ಎಂದು ಕೇಳಿದೆ. "ಎಂಜಿನ್ ಕಶಾಲಾ ಪಾಹಿಜೆ?" ಎಂದ, ಎಂಜಿನ್ ಯಾತಕ್ಕೆ ಬೇಕು ಎಂದು. ಅವನನ್ನು ಕಳಿಸಿದ್ದಕ್ಕೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ. ಎರಡನೆಯವನು ಹೋಟೆಲಿನವನು. ಕಾರಿನ ಮೇಲ್ಭಾಗ ಕತ್ತರಿಸಿ ಒಳಗೆ ಇಬ್ಬರಿಗೆ ಟೇಬಲ್ ಹಾಕುವ ಯೋಜನೆ ಅವನದು. ಹೇಳುತ್ತ ಹೇಳುತ್ತ ಎರಡು ಸಲ ಅವಲಕ್ಕಿ ಹಾಕಿಸಿಕೊಂಡ. ಮೂರನೆಯವನು ಮದುವೆ ಫೋಟೋ ತೆಗೆಯುವವನು. ಅವನ ಬಗ್ಗೆ ದೂರು ಹುಡುಕಲು ಸ್ವಲ್ಪ ಕಷ್ಟವಾಯಿತು. ಕೊನೆಗೆ ಅವನ ಬೆಲ್ಟಿನ ಬಕಲ್ಲು ದೊಡ್ಡದಿದೆ, ಬಣ್ಣ ಗೀಚುತ್ತದೆ ಅಂದೆ.

"ಬಕಲ್ಲಿಗೆ ಹೆದರಿ ಬ್ಯಾಡಂದೇನು?" ಎಂದಳು ಅಕ್ಕ. ಅಷ್ಟೇ ಅಂದಳು.

ನಾಲ್ಕನೆಯವರು ಬಂದಾಗ ನನಗೆ ಭಯವಾಯಿತು. ಖಡಕಿಯ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರು, ಬೆಳಗಾವಿ ಕಡೆಯವರು, ಕನ್ನಡ ಮಾತಾಡುವವರು. ಕಾರಿಗೆ ಹತ್ತುವ ಮೊದಲು ಚಪ್ಪಲಿ ಬಿಟ್ಟರು. ಬಾಗಿಲನ್ನು ಮಗುವಿನ ತೊಟ್ಟಿಲಿಗೆ ಕೈ ಹಚ್ಚಿದಂತೆ ಹಾಕಿದರು. ಸೀಟಿನ ಹೊಲಿಗೆಯ ಮೇಲೆ ಬೆರಳಾಡಿಸಿ, "ಇದನ್ನ ಮಷಿನ್‌ದಾಗ ಹಾಕಿಲ್ಲ, ಕೈಲೆ ಹಾಕೀರಿ ಹೌದಲ್ರಿ?" ಎಂದು ಕೇಳಿದರು. ನನ್ನ ಜೀವಮಾನದಲ್ಲಿ ಅದನ್ನು ಕೇಳಿದವರು ಅವರೊಬ್ಬರೇ. ಅವರು ಹೇಳಿದ ಬೆಲೆಗೂ ಅಕ್ಕ ನೋಡಿಟ್ಟಿದ್ದ ಮನೆಯ ಬೆಲೆಗೂ ಹೊಂದಿಕೆಯಿತ್ತು. ತೆಗೆಯಲು ಒಂದು ಕುಂದೂ ಇರಲಿಲ್ಲ. ಇವರಿಗೆ ಹೂಂ ಅಂದರೆ ಕಾರೂ ಹೋಗುತ್ತದೆ, ಅದರ ಹಿಂದೆ ಅಕ್ಕನೂ ಹೋಗುತ್ತಾಳೆ.

ಎರಡು ದಿನ ಬಿಟ್ಟು ಅವರಿಗೆ ಫೋನ್ ಮಾಡಿದೆ. "ನಮ್ಮಕ್ಕಗ ಮಾರೂ ಮನಸ್ಸಿಲ್ರಿ, ಏನ್ ಮಾಡೂದು," ಅಂದೆ. ಅಕ್ಕನಿಗೆ, "ಅವರಿಗೆ ಹಿಡಿಸಲಿಲ್ಲಂತ," ಅಂದೆ.

"ಹೌದ? ಅಷ್ಟು ಪ್ರೀತಿಲೆ ನೋಡಿ ಹೋದ್ರಲ್ಲೋ," ಎಂದು ಅವಳು ಸುಮ್ಮನಾದಳು. ಸುಮ್ಮನಾಗುವುದು ಅವಳಿಗೆ ರೂಢಿಯಾಗಿತ್ತು. ರೂಢಿ ಮಾಡಿಸಿದವನು ನಾನು.

ಅದನ್ನು ಇಲ್ಲಿ ಹೇಳಲೇಬೇಕು. ಅಕ್ಕನಿಗೆ ಮೂವತ್ತು ದಾಟುವ ಮೊದಲು ಇದೇ ಮನೆಗೆ, ಇದೇ ಅವಲಕ್ಕಿಗೆ, ಗಂಡುಗಳು ಬರುತ್ತಿದ್ದರು. ಹಿರಿಯರಿಲ್ಲದ ಮನೆ, ಗಂಡಸು ನಾನೊಬ್ಬ. ಮಾತುಕತೆಯೆಲ್ಲ ನನ್ನ ಮೂಲಕವೇ. ಶಿವಾಜಿನಗರದ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನೊಬ್ಬ ಬಂದಿದ್ದ. ಅಕ್ಕ ತಟ್ಟೆ ಇಡುವಾಗ, "ನೀವೂ ಕೂಡ್ರಿ, ನಮ್ಮ ಜೋಡಿ ತಿನ್ರಿ," ಎಂದಿದ್ದ. ಅವನು ಹೋದ ಮೇಲೆ ಅಕ್ಕ ಒಲೆಯ ಮುಂದೆ ಏನೋ ಗುನುಗಿದಳು. ಅವಳು ಹಾಡುತ್ತಾಳೆಂದು ನನಗೆ ಅಂದೇ ಗೊತ್ತಾದದ್ದು. ರಾತ್ರಿ ನಾನು ಲೆಕ್ಕ ಹಾಕಿದೆ: ಬಾಡಿಗೆ ಯಾರು ಕೊಡುತ್ತಾರೆ, ಅನ್ನ ಯಾರು ಬೇಯಿಸುತ್ತಾರೆ, ಸಂಜೆ ಬಾಗಿಲು ತಟ್ಟಿದರೆ ಯಾರು ತೆಗೆಯುತ್ತಾರೆ. ಮರುದಿನ ಅವರ ಮನೆಗೆ ಹೋಗಿ ಜಾತಕ ಕೂಡುವುದಿಲ್ಲ ಎಂದು ಹೇಳಿಬಂದೆ. ಜಾತಕ ಕೂಡಲಿಲ್ಲ ಅಂದರೆ ನಮ್ಮವರು ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಬೇಡ ಅನ್ನುವುದಕ್ಕೆ ಅಷ್ಟು ಮರ್ಯಾದೆಯ ಮಾತು ಬೇರೆ ಇಲ್ಲ. ಅದರ ಮರ್ಯಾದೆಯನ್ನು ನಾನು ಎರಡೂ ಕಡೆ ಬಳಸಿಕೊಂಡೆ. ಅಕ್ಕನಿಗೆ, "ಜಾತಕ ಕೂಡಲಿಲ್ಲಂತ ಅವರು ಹೇಳಿ ಕಳಿಸ್ಯಾರ," ಅಂದೆ.

ಅಕ್ಕನಿಗೆ ಮದುವೆಯಾಗಲಿಲ್ಲವೆಂದು ನಾನೂ ಮದುವೆಯಾಗಲಿಲ್ಲ. ಎಂಥ ತಮ್ಮ, ಎಂಥ ತ್ಯಾಗ ಎಂದು ನಮ್ಮ ವಾಡೆಯ, ಆ ಹಳೆಯ ವಠಾರದ, ಹೆಂಗಸರು ಮರಾಠಿಯಲ್ಲಿ ಹೊಗಳುತ್ತಿದ್ದರು. ನಾನು ತಲೆ ತಗ್ಗಿಸಿ ಕೇಳುತ್ತಿದ್ದೆ. ತಲೆ ತಗ್ಗಿಸಿದ್ದು ವಿನಯಕ್ಕೆಂದು ಅವರು ತಿಳಿದರು. ನಾನೂ ಹಾಗೆಯೇ ತಿಳಿದೆ.

ಈಗ ಕಾರಿನ ವಿಷಯ. ಒಂದು ಭಾನುವಾರ ಅಂಗಡಿಯಿಂದ ಮಧ್ಯಾಹ್ನ ಮನೆಗೆ ಬಂದರೆ, ಬಾಗಿಲಲ್ಲಿ ಪರಿಚಯದ ಚಪ್ಪಲಿ. ಒಳಗೆ ಖಡಕಿಯ ಹಿರಿಯರು ಕೂತಿದ್ದರು. ಪಕ್ಕದಲ್ಲಿ ಪೇಢೆಯ ಡಬ್ಬಿ, ಕೈಯಲ್ಲಿ ಅವಲಕ್ಕಿ. ಎದುರಿಗೆ ಅಕ್ಕ.

"ಬರ್ರಿ ಬರ್ರಿ," ಎಂದು ಅವರೇ ನನ್ನನ್ನು ನನ್ನ ಮನೆಗೆ ಕರೆದರು. "ನಿಮ್ಮಕ್ಕಾರಿಗೆ ಕೈ ಮುಗದು ಕೇಳೋಣಂತ ಬಂದೆ. ಅವರು ಬ್ಯಾಡಂದ್ರಂತ ನೀವು ಹೇಳಿದ ಮ್ಯಾಲೆ ನನಗ ನಿದ್ದಿ ಹತ್ತಿಲ್ರಿ. ಇಲ್ಲಿ ಬಂದ್ರ ಇವರು, ನಾ ಎಲ್ಲಿ ಬ್ಯಾಡಂದೆ ಅಂತಾರ! ಏನೋ ಫೋನ್‌ದಾಗ ಸರೀ ಕೇಳಿಸಿಲ್ಲ ಕಾಣಸ್ತದ."

"ಹೌದ್ರಿ," ಎಂದಳು ಅಕ್ಕ, ನನ್ನ ಕಡೆ ನೋಡದೆ. "ಫೋನ್‌ದಾಗ ಏನೇನೋ ಆಗ್ತದ್ರಿ. ಇನ್ನೊಂದೀಟು ಅವಲಕ್ಕಿ ಹಾಕ್ಲೇನ್ರಿ?"

ಅವರು ತಿಂದು ಮುಗಿಸುವವರೆಗೆ ನಾನು ಬಾಗಿಲ ಹತ್ತಿರ ನಿಂತೇ ಇದ್ದೆ. ಅವರು ಹೋದ ಮೇಲೆ ಅಕ್ಕ ತಟ್ಟೆ ಎತ್ತಲಿಲ್ಲ. ಕೂತಲ್ಲಿಂದಲೇ ಕೇಳಿದಳು.

"ಆ ಬ್ಯಾಂಕಿನಾಂವಂದೂ ಹಿಂಗ ಏನು?"

ಎಷ್ಟೋ ವರ್ಷಗಳ ಹಿಂದಿನ ಮನುಷ್ಯ. ಯಾವ ಬ್ಯಾಂಕು, ಯಾರು ಎಂದು ಕೇಳಿ ತಪ್ಪಿಸಿಕೊಳ್ಳಬಹುದಿತ್ತು. ಕೇಳಲೆಂದು ಬಾಯಿ ತೆರೆದೆ ಕೂಡ.

"ಹೂಂ," ಅಂದೆ.

"ಅಂವ ಒಬ್ಬನ ಏನು?"

ಒಬ್ಬನೇ ಅನ್ನಬೇಕೆಂದಿದ್ದೆ. "ಇಬ್ಬರು," ಅಂದೆ. ಆಮೇಲೆ, "ಮೂವರು."

ಅಕ್ಕ ಅಳುತ್ತಾಳೆಂದು ಕಾದೆ. ಅತ್ತಿದ್ದರೆ ನಾನೂ ಅತ್ತು, ಕಾಲು ಹಿಡಿದು, ಸಂಜೆಯ ಹೊತ್ತಿಗೆ ಹಗುರಾಗುತ್ತಿದ್ದೆ. ಅವಳು ಅಳಲಿಲ್ಲ. ಮೊದಲು ಮೂಗಿನಲ್ಲಿ ಸಣ್ಣಗೆ, ಆಮೇಲೆ ಮೈ ಅಲ್ಲಾಡುವಂತೆ ನಕ್ಕಳು.

"ನನ್ನ ಜಾತಕಾನ ಕೆಟ್ಟದ್ದಂತ ತಿಳಕೊಂಡಿದ್ನಲ್ಲೋ! ಪ್ರತಿ ಶನಿವಾರ ಕೋರ್ಟಿಂದ ಬರೂ ಮುಂದ ಶನಿದೇವರಿಗೆ ಎಣ್ಣಿ ಹಾಕಿ ಬರ್ತಿದ್ದೆ. ಒಂದು ವಾರ ಬಿಟ್ಟಿಲ್ಲ. ಪಾಪ, ಆ ದೇವರರೆ ಏನ್ ಮಾಡ್ಯಾನು? ಶನಿ ನಮ್ಮ ಮನ್ಯಾಗ ಕೂತು ಚಹಾ ಕುಡೀಲಿಕ್ಕತ್ತಿತ್ತು."

"ಅಕ್ಕ, ತಪ್ಪಾತು."

"ತಪ್ಪು ಅಲ್ಲ. ತಪ್ಪು ಒಂದ ಸಲ ಆಗ್ತದ. ನೀ ಮಾಡಿದ್ದು ನೌಕರಿ. ನನಗಿಂತ ನಿಂದ ಸರ್ವಿಸ್ ಜಾಸ್ತಿ ಆಗೇದ."

"ನಾ ನಿನ್ನ ಬಿಟ್ಟು ಹ್ಯಾಂಗ ಇರ್ಲಿ ಅಂತ..."

"ಹ್ಯಾಂಗಿರ್ತಿ? ಕಾರು ನಿಲ್ಲಿಸಿದ್ಯಲ್ಲ, ಹಂಗ. ಮ್ಯಾಲೆ ಒಂದು ಕವರು ಹಾಕ್ಕೊಂಡು."

ಫೋನ್ ಎತ್ತಿಕೊಂಡು ನನ್ನೆದುರಿಗೇ ಹಿರಿಯರಿಗೆ ಹೇಳಿದಳು, "ಕಾರು ನಿಮ್ದಾತ್ರಿ. ಈ ಸಲ ನಾನ ಹೇಳ್ಲಿಕ್ಕತ್ತೇನಿ."

ಕಾರು ಹೋಗುವ ದಿನ ಒಂದು ಹಳೆಯ ಬನಿಯನ್ ತೆಗೆದುಕೊಂಡು ಬೆಳಗ್ಗೆಯಿಂದ ಒರೆಸಿದೆ. ಒರೆಸುವುದೊಂದೇ ನನಗೆ ಉಳಿದಿದ್ದ ಮಾತು. ಹಿರಿಯರು ಬಂದು ಕೀಲಿ ತೆಗೆದುಕೊಂಡರು. ಅಷ್ಟರಲ್ಲಿ ಅಕ್ಕ ಮೆಟ್ಟಿಲಿಳಿದು ಬಂದಳು, ಒಂದು ಟ್ರಂಕು, ಒಂದು ಕೈಚೀಲ. ಹೇಗೂ ಕಾರು ಖಡಕಿಗೆ ಹೋಗುತ್ತದೆ, ರಿಕ್ಷಾ ಯಾಕೆ ಎಂದು ಹಿರಿಯರೊಂದಿಗೆ ಮೊದಲೇ ಮಾತಾಡಿಕೊಂಡಿದ್ದಳು. ನನಗೆ ಗೊತ್ತಿರಲಿಲ್ಲ. ಟ್ರಂಕನ್ನು ನಾನೇ ಎತ್ತಿ ಹಿಂದಿನ ಸೀಟಿನಲ್ಲಿಟ್ಟೆ. ಮೂಲೆಯ ಕಬ್ಬಿಣ ನನ್ನ ಹೊಲಿಗೆಗೆ ತಾಗಿತು. ಹಾಗೆಯೇ ಬಾಗಿಲು ಹಾಕಿದೆ.

ಕೆಳಗಿನ ಮನೆಯ ಅಜ್ಜಿ ಗ್ಯಾಲರಿಯಿಂದ ಕೂಗಿದರು, "ಕುಠೆ ನಿಘಾಲೀಸ ಗ?" ಎಲ್ಲಿಗೆ ಹೊರಟೆಯೇ ಎಂದು.

"ಸಾಸರೀ!" ಎಂದಳು ಅಕ್ಕ. ಗಂಡನ ಮನೆಗೆ.

ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಚಾಲಕನ ಸೀಟಿನಲ್ಲಿದ್ದ ಹಿರಿಯರು ನಾಚಿ ಗೇರ್ ಹುಡುಕತೊಡಗಿದರು. ಎಲ್ಲರೂ ನಕ್ಕರೆಂದು ನಾನೂ ನಗಲು ನೋಡಿದೆ. ಕಿಟಕಿಯ ಹತ್ತಿರ ಬಾಗಿ ಕೇಳಿದೆ, "ಅಕ್ಕ, ನಾ ಯಾವಾಗ ಬರ್ಲಿ?"

ಅಕ್ಕ ಮುಂದಿನ ಸೀಟಿನಲ್ಲಿ ಸೆರಗು ಸರಿಮಾಡಿಕೊಂಡು ಆರಾಮಾಗಿ ಒರಗಿದಳು. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರು ಹೊರಡುವಾಗ ಮಾತಾಡುವ ಅದೇ ದನಿಯಲ್ಲಿ, ಬಹಳ ಮರ್ಯಾದೆಯಿಂದ ಹೇಳಿದಳು:

"ನೋಡಿ ತಿಳಸ್ತೀನಿ."

ಇನ್ನೂ ತಿಳಿಸಿಲ್ಲ.