ಹನ್ನೆರಡು ಹೆಜ್ಜೆ, ರಸ್ತೆಯ ಕಡೆಗೆ

ನಮ್ಮ ನೀರು ಸರಬರಾಜು ಕಚೇರಿಯಲ್ಲಿ ಅವರನ್ನು ಎಲ್ಲರೂ ಚಾವಿ ಅಕ್ಕ ಎನ್ನುತ್ತಾರೆ. ಇದು ಬೀಗದ ಚಾವಿಯಲ್ಲ. ಎದೆಯೆತ್ತರದ ಕಬ್ಬಿಣದ ಸಲಾಕೆ. ಮೇಲೆ ಎರಡು ಕೈಗೂ ಸಿಗುವಂತೆ ಅಡ್ಡ ಹಿಡಿ, ಕೆಳಗೆ ಚೌಕಾಕಾರದ ಬಾಯಿ. ರಸ್ತೆಯ ಗುಂಡಿಯೊಳಕ್ಕೆ ಅದನ್ನು ಇಳಿಸಿ ವಾಲ್ವ್ ತಿರುಗಿಸಿದರೆ ಒಂದು ಬೀದಿಗೆ ನೀರು ಬರುತ್ತದೆ, ಇನ್ನೊಂದಕ್ಕೆ ನಿಲ್ಲುತ್ತದೆ. ಮೊದಲು ಈ ಚಾವಿ ಅವರ ಗಂಡನ ಹೆಗಲ ಮೇಲಿತ್ತು. ಆತ ತೀರಿಕೊಂಡ ಹದಿನೈದು ದಿನಕ್ಕೆ ಅಕ್ಕ ಅದನ್ನು ಹೊತ್ತುಕೊಂಡು ಕಚೇರಿಗೆ ಬಂದರಂತೆ. "ಇದು ನಿನ್ನ ಕೈಲಿ ತಿರುಗುತ್ತೇನಮ್ಮ?" ಎಂದು ಆಗಿನ ಮೇಸ್ತ್ರಿ ಕೇಳಿದ್ದಕ್ಕೆ, "ನಮ್ಮತ್ತೆ ಮನಸ್ಸನ್ನೇ ತಿರುಗಿಸಿದೀನಿ, ಇದ್ಯಾವ ಲೆಕ್ಕ" ಎಂದರಂತೆ. ಅದಾಗಿ ಹನ್ನೊಂದು ವರ್ಷ. ನೌಕರಿ ಮಾತ್ರ ಇನ್ನೂ ತಾತ್ಕಾಲಿಕವಾಗಿಯೇ ಇತ್ತು.

ನಾನು ಅದೇ ಕಚೇರಿಯಲ್ಲಿ ನಕ್ಷೆ ನೋಡಿಕೊಳ್ಳುವವಳು. ಕಂಪ್ಯೂಟರಿನಲ್ಲಿ, ಇಂಟರ್‌ನೆಟ್ ಮೂಲಕ ತೆರೆಯುವ ನಕ್ಷೆ. ಕೆಳಗೆ ಆಕಾಶದಿಂದ ತೆಗೆದ ಊರಿನ ಚಿತ್ರ, ಅದರ ಮೇಲೆ ನೀಲಿ ಗೆರೆಗಳಾಗಿ ಪೈಪು, ಕೆಂಪು ಚುಕ್ಕೆಗಳಾಗಿ ವಾಲ್ವು. ಚುಕ್ಕೆ ಒತ್ತಿದರೆ ಸಣ್ಣ ಪೆಟ್ಟಿಗೆಯೊಂದು ತೆರೆದು ಆ ವಾಲ್ವಿನ ವಿವರ ಹೇಳುತ್ತದೆ. ನಮ್ಮ ಮನೆಯಲ್ಲಿ ಪದವಿ ಮುಗಿಸಿದವಳು ನಾನೇ ಮೊದಲು. ಅಚ್ಚಾದದ್ದೆಲ್ಲ ನಿಜ ಎಂದು ನಂಬುವ ಅಭ್ಯಾಸವೂ ಆ ಪದವಿಯ ಜೊತೆಗೇ ಬಂದಿತ್ತು.

ಊರಿನ ವಾಲ್ವುಗಳಲ್ಲಿ ಅರ್ಧದಷ್ಟು ಡಾಂಬರಿನ ಅಡಿಯಲ್ಲಿವೆ. ಪ್ರತಿ ಸಲ ರಸ್ತೆ ಹಾಕಿದಾಗಲೂ ಮುಚ್ಚಳಗಳು ಮುಚ್ಚಿಹೋಗುತ್ತವೆ. ಎಲ್ಲಿ ಏನಿದೆ ಎಂಬುದು ತಿರುಗಿಸುವವರ ತಲೆಯಲ್ಲಿ ಮಾತ್ರ ಇರುತ್ತದೆ. ಅದನ್ನು ನಕ್ಷೆಗೆ ತರಬೇಕೆಂದು ಎಂಜಿನಿಯರ್ ಸಾಹೇಬರು ಅಪ್ಪಣೆ ಮಾಡಿದರು. ಊರಿನ ಪಡುವಣ ಭಾಗ ಚಾವಿ ಅಕ್ಕನಿಗೆ, ಮೂಡಣ ಭಾಗ ಮೀಸೆ ಮಾವನಿಗೆ. ಮಾವನೂ ವಾಲ್ವ್ ತಿರುಗಿಸುವವರೇ. ಅವರಿಗಿಂತ ಮೊದಲು ಅವರ ಮೀಸೆ ಕಚೇರಿಗೆ ಬರುತ್ತದೆ ಎಂದು ಅಕ್ಕ ಹಾಸ್ಯ ಮಾಡುತ್ತಿದ್ದರು. ಇಬ್ಬರಿಗೂ ಒಂದೊಂದು ಟ್ಯಾಬ್ಲೆಟ್ ಕೊಟ್ಟೆವು. ಅದರೊಳಗಿನ ಫಾರಂ ಮಾಡಿದವಳು ನಾನು. ಹದಿನಾಲ್ಕು ಕಾಲಂ: ವಾಲ್ವಿನ ಅಳತೆ, ತಿರುಗುವ ದಿಕ್ಕು, ಎಷ್ಟು ಸುತ್ತು, ಹೀಗೆ. ಕೊನೆಯದು ಷರಾ, ಬೇರೇನಾದರೂ ಹೇಳುವುದಿದ್ದರೆ ಬರೆಯುವ ಜಾಗ. ಎಲ್ಲವನ್ನೂ ತುಂಬಿ 'ಉಳಿಸು' ಎಂದು ಒತ್ತಿದರೆ ಟ್ಯಾಬ್ಲೆಟ್ ತಾನಿರುವ ಜಾಗವನ್ನು ಗುರುತಿಸಿಕೊಂಡು ನಕ್ಷೆಗೆ ಕಳಿಸುತ್ತದೆ. ಒಂದು ಕಾಲಂ ಖಾಲಿ ಬಿಟ್ಟರೂ ಒತ್ತಲು ಬಿಡುವುದಿಲ್ಲ. ಅಷ್ಟು ಬಿಗಿಯಾಗಿ ಮಾಡಿದ್ದೇನೆಂದು ನನಗೆ ಹೆಮ್ಮೆಯಿತ್ತು.

ಎರಡು ತಿಂಗಳಲ್ಲಿ ಅಕ್ಕ ಮುನ್ನೂರ ಹದಿನೆಂಟು ವಾಲ್ವು ದಾಖಲಿಸಿದರು.

ಒಂದು ಮಂಗಳವಾರ ಪಡುವಣ ಭಾಗದಲ್ಲಿ ದೊಡ್ಡ ಪೈಪು ಒಡೆಯಿತು. ಅಕ್ಕ ಅಂದು ದೂರದ ನೀರಿನ ತೊಟ್ಟಿಯ ಹತ್ತಿರವಿದ್ದರು. "ಇನ್ನು ಯಾರನ್ನೂ ಕೇಳೋದು ಬೇಡ, ನಕ್ಷೆ ಇದೆ" ಎಂದು ಸಾಹೇಬರು ಅಗೆಯುವವರನ್ನು ಕಳಿಸಿದರು. ಆ ಪೈಪಿನ ನೀರು ನಿಲ್ಲಿಸುವ ವಾಲ್ವಿನ ಕೆಂಪು ಚುಕ್ಕೆ ನಕ್ಷೆಯಲ್ಲಿ ಒಬ್ಬ ದರ್ಜಿಯ ಅಂಗಡಿಯ ಮೆಟ್ಟಿಲ ಮೇಲಿತ್ತು. ಅವರು ಮೆಟ್ಟಿಲನ್ನೇ ಒಡೆದರು. ಕೆಳಗೆ ಮಣ್ಣು, ಇನ್ನಷ್ಟು ಕೆಳಗೆ ಮತ್ತಷ್ಟು ಮಣ್ಣು. ಆರು ಗಂಟೆ ಕಾಲ ನೀರು ಬೀದಿ ತುಂಬ ಹರಿಯಿತು. ದರ್ಜಿ ಕೊರಳಿನ ಅಳತೆ ಟೇಪನ್ನೂ ತೆಗೆಯದೆ ಕಚೇರಿಗೆ ಬಂದು, "ನನ್ನ ಮೆಟ್ಟಿಲ ಕೆಳಗೆ ಏನಿದೆ ಅಂತ ನನಗೇ ಗೊತ್ತಿಲ್ಲ, ನಿಮಗ್ಯಾರ್ರೀ ಹೇಳಿದ್ದು?" ಎಂದು ಕೂಗಾಡಿದರು.

ಸಾಹೇಬರು ನಕ್ಷೆ ತೆರೆಸಿದರು. ಅಕ್ಕನ ಚುಕ್ಕೆಗಳು ಹೆಚ್ಚುಕಡಿಮೆ ಒಂದೂ ಪೈಪಿನ ಗೆರೆಯ ಮೇಲಿರಲಿಲ್ಲ. ಒಂದು ಕ್ಷೌರದ ಅಂಗಡಿಯ ಬಾಗಿಲಲ್ಲಿ, ಒಂದು ಶಾಲೆಯ ಶೌಚಾಲಯದ ಗೋಡೆಗೆ ಅಂಟಿಕೊಂಡು, ನಾಲ್ಕು ಒಂದೇ ಮರದ ಬುಡದಲ್ಲಿ. ಮೀಸೆ ಮಾವನವು ಮಾತ್ರ ದಾರಕ್ಕೆ ಪೋಣಿಸಿದ ಮಣಿಯಂತೆ ಸಾಲಾಗಿದ್ದವು.

"ನೋಡಿ, ಕೆಲಸ ಅಂದ್ರೆ ಇದು" ಎಂದರು ಸಾಹೇಬರು. "ಆಯಮ್ಮ ಎರಡು ತಿಂಗಳು ಎಲ್ಲೋ ನೆರಳಲ್ಲಿ ಕೂತು ಗೀಚಿದಾರೆ. ಸೋಮವಾರ ಕಾಯಂ ಪಟ್ಟಿ ಮೇಲಕ್ಕೆ ಹೋಗುತ್ತೆ. ಅಷ್ಟರೊಳಗೆ ಇದು ಸರಿಯಾಗದಿದ್ರೆ ಅವರ ಹೆಸರು ಹೊಡೆದು ಹಾಕ್ತೀನಿ."

ಹನ್ನೊಂದು ವರ್ಷ ಕಾದ ಪಟ್ಟಿ ಅದು. ಇನ್ನೊಂದು ಯಾವಾಗ ಬರುವುದೋ ಗೊತ್ತಿಲ್ಲ. ಅಕ್ಕನ ವಯಸ್ಸು ಅಷ್ಟು ಕಾಯುವಂಥದ್ದೂ ಅಲ್ಲ.

ನಾನು ಅಕ್ಕನನ್ನು ಏನೂ ಕೇಳಲಿಲ್ಲ. ತಪ್ಪು ಯಂತ್ರದ್ದೇ ಇರಬೇಕು, ಯಂತ್ರದ ತಪ್ಪನ್ನು ಹುಡುಕಲು ಕಲಿತವಳು ನಾನು ಎಂದುಕೊಂಡೆ. ಬುಧವಾರ ಬೆಳಿಗ್ಗೆಯಿಂದ ಕೈಪಿಡಿ ಹಿಡಿದು ಕೂತೆ. ಅಕ್ಷಾಂಶ ರೇಖಾಂಶ ಅದಲುಬದಲಾಗಿವೆಯೇ? ಆಗಿದ್ದರೆ ಚುಕ್ಕೆಗಳು ಬೇರೆ ದೇಶದಲ್ಲಿರುತ್ತಿದ್ದವು. ಭೂಮಿಯ ಅಳತೆಯ ಪದ್ಧತಿ ಬೇರೆಯಾಗಿದೆಯೇ? ಹಾಗಿದ್ದರೆ ಎಲ್ಲವೂ ಒಂದೇ ಕಡೆಗೆ, ಒಂದೇ ಅಳತೆಗೆ ಸರಿಯಬೇಕಿತ್ತು. ಇವು ಆರು ಮೀಟರ್, ಹದಿನೇಳು ಮೀಟರ್, ಒಂಬತ್ತು ಮೀಟರ್, ಮನಸ್ಸಿಗೆ ಬಂದ ಕಡೆ. ಅಕ್ಕನ ಟ್ಯಾಬ್ಲೆಟ್ ಕೆಟ್ಟಿದೆಯೇ ಎಂದು ಅದನ್ನು ಕಚೇರಿಯ ಗೇಟಿನ ಬಳಿ ಇಟ್ಟು ಹತ್ತು ಸಲ ಒತ್ತಿದೆ. ಹತ್ತು ಸಲವೂ ಚುಕ್ಕೆ ಗೇಟಿನ ಆಸುಪಾಸಿನಲ್ಲೇ ಬಿತ್ತು. ತಲೆ ಚಿಟ್ಟು ಹಿಡಿಯಿತು. ತಂತ್ರಾಂಶ ಕೊಟ್ಟ ಕಂಪನಿಗೆ ಫೋನ್ ಮಾಡಿದೆ.

"ಮೇಡಂ, ಕ್ಯಾಶ್ ಕ್ಲಿಯರ್ ಮಾಡಿ ನೋಡಿದ್ರಾ?"

ಕಂಪ್ಯೂಟರು ನಾವು ಹಿಂದೊಮ್ಮೆ ನೋಡಿದ ಪುಟಗಳನ್ನು ಎತ್ತಿಟ್ಟುಕೊಂಡು ಅವನ್ನೇ ಮತ್ತೆ ತೋರಿಸುತ್ತದೆ. ಆ ಹಳೆಯ ಸರಕನ್ನು ಅಳಿಸಿ ಎಂದು ಅದರರ್ಥ. "ಮಾಡಿದೆ. ಅದಲ್ಲ ಸಮಸ್ಯೆ" ಎಂದೆ.

"ಒಂದ್ಸಲ ಮತ್ತೆ ಮಾಡಿ ಮೇಡಂ."

ಗುರುವಾರವೂ ಇದೇ. ಬೇರೆ ಧ್ವನಿ, ಅದೇ ಕ್ಯಾಶ್. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ. ಫೋನನ್ನು ಮೇಜಿನ ಮೇಲೆ ಕುಕ್ಕಿದೆ.

ಶುಕ್ರವಾರ ಮಧ್ಯಾಹ್ನ, ಬೇರೇನೂ ತೋಚದೆ, ಚುಕ್ಕೆಗಳಿಗೆ ಸಮಯದ ಪ್ರಕಾರ ಬಣ್ಣ ಕೊಟ್ಟೆ. ಬೆಳಗಿನವಕ್ಕೆ ಹಸಿರು, ಮಧ್ಯಾಹ್ನದವಕ್ಕೆ ಕಿತ್ತಳೆ. ಉತ್ತರ ದಕ್ಷಿಣವಾಗಿ ಹಾದ ಬೀದಿಗಳಲ್ಲಿ ಹಸಿರೆಲ್ಲ ಮೂಡಣ ಮಗ್ಗುಲಿಗೆ ಸರಿದಿತ್ತು, ಕಿತ್ತಳೆಯೆಲ್ಲ ಪಡುವಣಕ್ಕೆ. ಹನ್ನೊಂದು ಚುಕ್ಕೆಗಳು ಮಾತ್ರ ಸರಿಯಾಗಿ ಗೆರೆಯ ಮೇಲಿದ್ದವು. ಅವು ಒಂದೇ ದಿನದವು. ಆಕಾಶದಲ್ಲಿರುವ ಉಪಗ್ರಹಗಳಿಗೂ ಹೊತ್ತಿಗೂ ಏನೋ ಸಂಬಂಧವಿರಬೇಕು ಎಂದು ನಾನು ಎರಡು ಪುಟ ಟಿಪ್ಪಣಿ ಬರೆದೆ. ಬರೆದು ಮುಗಿಸುವಾಗ ಅಕ್ಕ ಚಾವಿಯನ್ನು ಗೋಡೆಗೆ ಒರಗಿಸಿ ನೀರು ಕುಡಿಯಲು ಒಳಬಂದರು.

"ಏನ್ ತಂಗಿ, ಮೂರು ದಿನದಿಂದ ಮುಖ ಮುಚ್ಚಿದ ವಾಲ್ವ್ ಥರ ಇದೆ?"

"ಅಕ್ಕಾ, ಎಂಟನೇ ತಾರೀಖು ನೀವು ಮಾಡಿದ ಹನ್ನೊಂದು ಸರಿಯಾಗಿವೆ. ಅವತ್ತೇನು ವಿಶೇಷ?"

ಅಕ್ಕ ಲೋಟ ಹಿಡಿದು ಯೋಚಿಸಿದರು. "ಏನಿಲ್ಲಪ್ಪ. ಮೋಡ ಇತ್ತು. ಅಲ್ಲೇ ನಿಂತು ಬರೆದೆ."

"ಅಂದ್ರೆ ಉಳಿದ ದಿನ?"

"ಉಳಿದ ದಿನ ಬಿಸಿಲು. ಬಿಸಿಲಲ್ಲಿ ನಿನ್ನ ಹಲಗೆ ಕನ್ನಡಿ ಆಗುತ್ತೆ ಕಣೇ, ನನ್ನ ಮುಖ ಬಿಟ್ಟು ಏನೂ ಕಾಣಲ್ಲ. ನನ್ನ ಮುಖ ನೋಡ್ಕೊಂಡು ಹದಿನಾಲ್ಕು ಮನೆ ಹೇಗೆ ತುಂಬಲಿ? ವಾಲ್ವ್ ತಿರುಗಿಸಿ ಸುತ್ತು ಎಣಿಸಿ, ಡಾಂಬರಿನಡಿ ಇರೋದಾದ್ರೆ ನೆನಪು ಮಾಡ್ಕೊಂಡು, ನೆರಳಿಗೆ ಹೋಗಿ ನಿಧಾನವಾಗಿ ಬರೀತಿದ್ದೆ. ಬರೆದು ಒತ್ತುತಿದ್ದೆ."

ಬೆಳಿಗ್ಗೆ ನೆರಳು ಮೂಡಣ ಸಾಲಿನ ಕಟ್ಟಡಗಳ ಬುಡದಲ್ಲಿರುತ್ತದೆ, ಮಧ್ಯಾಹ್ನ ಪಡುವಣ ಸಾಲಿನ ಬುಡದಲ್ಲಿ. ಇದನ್ನು ತಿಳಿಯಲು ಉಪಗ್ರಹ ಬೇಕಿರಲಿಲ್ಲ. ನನ್ನ ಎರಡು ಪುಟದ ಟಿಪ್ಪಣಿಯನ್ನು ಮಡಚಿ ಇಟ್ಟೆ.

"ಅಕ್ಕಾ, ಒತ್ತಿದ ಜಾಗವನ್ನೇ ಅದು ವಾಲ್ವ್ ಅಂತ ಬರ್ಕೊಳ್ಳುತ್ತೆ! ಒಂದು ಮಾತು ಹೇಳಬಾರದಾ ನನಗೆ?" ಎಂದು ಸಿಡುಕಿದೆ.

"ಹೇಳಿಲ್ವಾ? ಪ್ರತಿಯೊಂದರಲ್ಲೂ ಬರೆದಿದೀನಲ್ಲೇ! ಷರಾದಲ್ಲಿ ಏನಾದ್ರೂ ತುಂಬಲೇಬೇಕು ಅಂತ ನೀನೇ ತಾನೆ ಮಾಡಿಟ್ಟಿದ್ದು?"

ಷರಾ. ಮೊದಲ ವಾರದಲ್ಲೇ ಅಕ್ಕನ ಷರಾಗಳು ಉದ್ದವಾಗಿ ಪೆಟ್ಟಿಗೆಯಿಂದ ಹೊರಗೆ ಚೆಲ್ಲುತ್ತಿದ್ದವು. "ಈ ಪುರಾಣ ಯಾಕೆ ನಕ್ಷೆಯಲ್ಲಿ? ತೆಗೀರಿ" ಎಂದು ಸಾಹೇಬರು ಹೇಳಿದ್ದರು. ನಾನು ಒಂದನ್ನೂ ಓದದೆ ಆ ಕಾಲಂ ಕಾಣದಂತೆ ಮಾಡಿದ್ದೆ. ಈಗ ಅದನ್ನು ತೆರೆದೆ.

'ದರ್ಜಿ ಅಂಗಡಿ ಮೆಟ್ಟಿಲ ಎಡತುದಿಯಲ್ಲಿ ನಿಂತು ಬರೆದಿದ್ದೇನೆ. ವಾಲ್ವು ಇಲ್ಲಿಂದ ಹನ್ನೆರಡು ಹೆಜ್ಜೆ, ನೇರ ರಸ್ತೆಯ ಕಡೆಗೆ.'

'ಶಾಲೆ ಶೌಚಾಲಯದ ಗೋಡೆ ಮೂಲೆ. ವಾಸನೆ ಇದೆ. ವಾಲ್ವು ಒಂಬತ್ತು ಹೆಜ್ಜೆ, ಧ್ವಜದ ಕಂಬದ ಕಡೆಗೆ.'

ಹೀಗೆ ಮುನ್ನೂರ ಏಳು. ಕಂಕುಳಲ್ಲಿ ಕೂಸಿಟ್ಟುಕೊಂಡು ನಾನು ಮೂರು ದಿನ ಊರೆಲ್ಲ ಹುಡುಕಿದ್ದೆ, ಆಕಾಶವನ್ನೂ ಬಿಡದೆ.

ಆಮೇಲೆ ಮೀಸೆ ಮಾವನ ದಾಖಲೆಗಳನ್ನು ತೆರೆದೆ. ಅವರು ಬಿಸಿಲಿನಿಂದ ಕದಲದೆ ವಾಲ್ವಿನ ಮೇಲೆಯೇ ನಿಂತು ಒತ್ತಿದ್ದರು. ಅಳತೆ ಒಂದು. ಸುತ್ತು ಒಂದು. ಷರಾ ಒಂದು. ಇನ್ನೂರ ತೊಂಬತ್ತು ವಾಲ್ವುಗಳಿಗೂ ಎಲ್ಲ ಕಾಲಂನಲ್ಲೂ ಒಂದು ಎಂಬ ಅಂಕಿಯೇ. ಹೊರಗೆ ಸಿಕ್ಕಿದಾಗ ಕೇಳಿದೆ. "ಅಯ್ಯೋ, ನಾನೆಲ್ಲಿ ನೋಡ್ದೆ ಮಗಳೇ? ಬೆರಳು ಬಿದ್ದ ಕಡೆ ಒತ್ತಿದೆ" ಎಂದು ಮೀಸೆ ನೀವಿಕೊಂಡರು.

ಶ್ರದ್ಧೆಯಿಂದ ಬರೆದವರ ಹೆಸರು ಹೊಡೆಯುವುದಕ್ಕೆ, ಕಣ್ಣು ಮುಚ್ಚಿ ಒತ್ತಿದವರ ಬೆನ್ನು ತಟ್ಟುವುದಕ್ಕೆ ಸರಿಯಾಗಿ ನನ್ನ ಫಾರಂ ತಯಾರಾಗಿತ್ತು.

ಅಂದೇ ಅಕ್ಕನನ್ನು ಕಚೇರಿಯ ಪಡಸಾಲೆಯಲ್ಲಿ ನಡೆಸಿದೆ. "ಹತ್ತು ಹೆಜ್ಜೆ ಹಾಕಿ ಅಕ್ಕಾ, ಎಂದಿನ ಹಾಗೆ." ಟೇಪು ಹಿಡಿದೆ. ಆರು ಮೀಟರ್ ಇಪ್ಪತ್ತು. ಮತ್ತೆ ನಡೆಸಿದೆ. ಆರು ಇಪ್ಪತ್ತು. "ಹನ್ನೊಂದು ವರ್ಷದಿಂದ ಇದೇ ಹೆಜ್ಜೆ. ನಿನ್ನ ಟೇಪು ಬೇಕಾದ್ರೆ ಪರೀಕ್ಷೆ ಮಾಡ್ಕೋ" ಎಂದರು.

ಶನಿವಾರ, ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಇಬ್ಬರೂ ಕೂತೆವು. ನಾನು ಷರಾ ಓದುವುದು, ಚಿತ್ರದಲ್ಲಿ ಆ ಮೆಟ್ಟಿಲನ್ನೋ ಮೂಲೆಯನ್ನೋ ಹುಡುಕುವುದು, ಅಲ್ಲಿಂದ ಹೆಜ್ಜೆಯ ಲೆಕ್ಕಕ್ಕೆ ಗೆರೆ ಎಳೆದು ಚುಕ್ಕೆ ಸರಿಸುವುದು. ಅಕ್ಕ ಪಕ್ಕದ ಕುರ್ಚಿಯಲ್ಲಿ ಕೂತು, "ಇನ್ನೂ ಆಚೆ. ಆಚೆ ಅಂದ್ರೆ ಆಚೆ, ಈಚೆ ಅಲ್ಲ" ಎಂದು ಗದರುವುದು. ತಂತ್ರಾಂಶ ನಡುನಡುವೆ ನಿಂತುಹೋಗಿ ಸರಿಸಿದ್ದನ್ನು ಮರೆಯುತ್ತಿತ್ತು. ನಾನು ಹಲ್ಲು ಕಚ್ಚಿ ಮತ್ತೆ ಸರಿಸುತ್ತಿದ್ದೆ. ಕೊನೆಗೆ ಫಾರಂ ಕೂಡ ಬದಲಿಸಿದೆ. ಮೊದಲು ಅಂಗೈಯಗಲದ ಒಂದೇ ಗುಂಡಿ: 'ವಾಲ್ವಿನ ಮೇಲೆ ನಿಂತು ಒತ್ತಿ'. ಒತ್ತಿದರೆ ಟ್ಯಾಬ್ಲೆಟ್ ಜೋರಾಗಿ ಕೂಗುತ್ತದೆ, ನೋಡಬೇಕಾಗಿಲ್ಲ. ಉಳಿದದ್ದನ್ನು ಯಾವ ನೆರಳಿನಲ್ಲಾದರೂ ತುಂಬಬಹುದು.

ಸೋಮವಾರ ಹತ್ತು ಗಂಟೆಗೆ ಸಾಹೇಬರು ತಮ್ಮ ಕಂಪ್ಯೂಟರಿನಲ್ಲಿ ನಕ್ಷೆ ತೆರೆದರು. ಕಾಯಂ ಪಟ್ಟಿ ಪಕ್ಕದಲ್ಲೇ ಇತ್ತು. ಅಕ್ಕ ಬಾಗಿಲಲ್ಲಿ ನಿಂತಿದ್ದರು.

"ಎಲ್ಲಿ ಸರಿಯಾಗಿದೆ? ದರ್ಜಿ ಮೆಟ್ಟಿಲ ಮೇಲೇ ಇದೆಯಲ್ಲ!" ಎಂದು ಪೆನ್ನು ಎತ್ತಿಕೊಂಡರು.

ಚುಕ್ಕೆಗಳೆಲ್ಲ ಹಳೆಯ ಜಾಗದಲ್ಲೇ ಇದ್ದವು. ನಿನ್ನೆ ಸಂಜೆ ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇದ್ದವು. ಆಮೇಲೆ ಫೋನಿನ ಆ ಧ್ವನಿ ನೆನಪಾಯಿತು.

"ಸರ್... ಒಂದ್ಸಲ ಕ್ಯಾಶ್ ಕ್ಲಿಯರ್ ಮಾಡ್ತೀನಿ."

ಹಾಗೆ ಹೇಳುವಾಗ ನನ್ನ ಮೇಲೆ ನನಗೇ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಳಿಸಿ ತೆರೆದೆ. ಚುಕ್ಕೆಗಳೆಲ್ಲ ಗೆರೆಯ ಮೇಲೆ ಬಂದು ಕೂತವು.

ಸಾಹೇಬರ ಕಣ್ಣು ಕಿರಿದಾಯಿತು. "ಮೊನ್ನೆ ಅಲ್ಲಿತ್ತು, ಇವತ್ತು ಇಲ್ಲಿದೆ. ನೀವೇ ಗೆರೆ ಮೇಲೆ ಎಳೆದು ಕೂರಿಸಿದ್ರೆ?"

ತಪ್ಪು ಫಾರಂನದು, ಫಾರಂ ನನ್ನದು, ಷರಾವನ್ನು ಓದದೆ ಮುಚ್ಚಿದವಳೂ ನಾನೇ ಎಂದು ಬರೆದಿಟ್ಟಿದ್ದ ಹಾಳೆಯನ್ನು ತೋರಿಸಿದೆ. ಅವರು ಓದಿದರು. ನಂಬಲಿಲ್ಲ. ಪರದೆಯ ಮೇಲೆ ಬೆರಳಿಟ್ಟು, "ಇದು. ಡಾಂಬರಿನ ಅಡಿ ಇರೋದು. ಅಗೆಸೋಣ. ನಕ್ಷೆ ನೋಡಿ ಮಾತ್ರ. ನೀವು ಬಾಯಿ ಬಿಡಬಾರದು" ಎಂದು ಅಕ್ಕನ ಕಡೆ ತಿರುಗಿದರು.

ಅದು ಎರಡು ಬೀದಿ ಆಚೆ, ಚಪ್ಪಲಿ ಅಂಗಡಿಯ ಮುಂದಿತ್ತು. ನಾನು ಅಂಗಡಿಯ ಮೂಲೆಯಿಂದ ಟೇಪು ಹಿಡಿದು ಜಾಗ ಗುರುತಿಸಿದೆ. ಅಗೆಯುವವರು ಹಾರೆ ಹಾಕಿದರು. ಡಾಂಬರು ಎದ್ದಿತು, ಜಲ್ಲಿ ಎದ್ದಿತು, ಮಣ್ಣು ಬಂತು. ಮತ್ತೆ ಮಣ್ಣು. ಸಾಹೇಬರು ಗಡಿಯಾರ ನೋಡಿದರು. ಅಕ್ಕ ಚಾವಿಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಸುಕುತ್ತ, ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ನಿಂತಿದ್ದರು. ನೋಡಲಾಗದೆ ನಾನು ನೆಲ ನೋಡಿದೆ.

ಹಾರೆ ಠಣ್ ಎಂದಿತು.

ಗುಂಡಿಯ ಅಂಚಿನಲ್ಲಿ, ಒಂದು ಗೇಣು ಬಲಕ್ಕೆ, ಕಬ್ಬಿಣದ ಮುಚ್ಚಳ. "ಈಗ ಬಾಯಿ ಬಿಡಲಾ ಸಾರ್?" ಎಂದರು ಅಕ್ಕ. ಉತ್ತರಕ್ಕೆ ಕಾಯಲಿಲ್ಲ. "ಹನ್ನೆರಡು ಸುತ್ತು, ಎಡಕ್ಕೆ. ಬೇಕಾದ್ರೆ ಎಣಿಸಿ." ಚಾವಿ ಇಳಿಸಿ ತಿರುಗಿಸಿದರು. ಸಾಹೇಬರು ಎಣಿಸುವುದು ಅವರ ತುಟಿಯ ಮೇಲೆ ಕಾಣುತ್ತಿತ್ತು. ಹನ್ನೆರಡಕ್ಕೆ ವಾಲ್ವು ನಿಂತಿತು.

ಪಟ್ಟಿ ಅಂದೇ ಅಕ್ಕನ ಹೆಸರಿನೊಂದಿಗೆ ಹೋಯಿತು. ಸಾಹೇಬರು ಕ್ಷಮೆ ಕೇಳಲಿಲ್ಲ. "ಆ ಷರಾ ಕಾಲಂ ಮತ್ತೆ ಹಾಕಿ" ಎಂದರು, ಅಷ್ಟೆ. ಮೀಸೆ ಮಾವನಿಗೆ ಇನ್ನೂರ ತೊಂಬತ್ತು ವಾಲ್ವುಗಳ ಸುತ್ತು ಎಣಿಸುವ ಕೆಲಸ ಹೊಸದಾಗಿ ಬಂತು. ದರ್ಜಿಯ ಮೆಟ್ಟಿಲು ಇನ್ನೂ ಆಗಿಲ್ಲ. ಅವರು ದಿನಾ ಫೋನ್ ಮಾಡುತ್ತಾರೆ, ನನಗೇ.

ಷರಾ ಮತ್ತೆ ಹಾಕಿದ ಕೂಡಲೇ ಪೆಟ್ಟಿಗೆಯಿಂದ ಹೊರಗೆ ಚೆಲ್ಲಿತು. ಅದನ್ನು ಸರಿಪಡಿಸಲು ಎರಡು ದಿನ ಹೋಯಿತು, ಇನ್ನೂ ಪೂರ್ತಿ ಸರಿಯಾಗಿಲ್ಲ. ಆದರೆ ಈಗ ಪ್ರತಿಯೊಂದನ್ನೂ ಓದುತ್ತೇನೆ. ನಿನ್ನೆ ಹೊಸ ಬಡಾವಣೆಯಿಂದ ಒಂದು ವಾಲ್ವು ಬಂದಿತು. ಚುಕ್ಕೆ ಗೆರೆಯ ಮೇಲೆಯೇ ಇತ್ತು. ಒತ್ತಿದೆ.

'ವಾಲ್ವಿನ ಮೇಲೆಯೇ ನಿಂತಿದ್ದೇನೆ ತಂಗಿ. ಹಲಗೆ ಕೂಗಿತು, ನಾಯಿ ಓಡಿಹೋಯಿತು. ಬಿಸಿಲು ಬಹಳ ಇದೆ.'