ಸೆರಗಿನ ಏಳನೆಯ ಹಂಸ

ಚೌಡಯ್ಯನ ಕಣ್ಣು ಕೆಟ್ಟಿತ್ತೆಂದು ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಈಗಲೂ ಹೇಳುತ್ತಾರೆ. ಅದು ಸುಳ್ಳು. 1953ನೆಯ ಇಸವಿಯಲ್ಲಿ ಆತನಿಗೆ ನಲವತ್ತೆಂಟು ವರ್ಷ. ಎರಡು ಮಾರು ದೂರದಿಂದಲೇ ಮಗ್ಗದ ಹಾಸಿನಲ್ಲಿ ಹರಿದ ಎಳೆಯನ್ನು ಗುರುತಿಸುತ್ತಿದ್ದ. ನಾನು ತಾಲ್ಲೂಕು ಕಚೇರಿಯಲ್ಲಿ ಮೂವತ್ತೊಂದು ವರ್ಷ ಸೇವೆ ಮಾಡಿ ನಿವೃತ್ತನಾದ ಮೇಲೆ, ಎಂಟು ವರ್ಷಗಳಿಂದ ಆತನ ಎದುರು ಮನೆಯಲ್ಲಿ ಇದ್ದೇನೆ. ಕಂಡದ್ದನ್ನು ಕಂಡೆನೆಂದೂ ಕೇಳಿದ್ದನ್ನು ಕೇಳಿದೆನೆಂದೂ ಬೇರೆ ಬೇರೆಯಾಗಿ ಬರೆಯುತ್ತೇನೆ.

ಆತನಿಗಿದ್ದ ಚಟ ಒಂದೇ, ಸಿನಿಮಾ. ಊರಾಚೆಯ ಟೆಂಟಿನಲ್ಲಿ ಶುಕ್ರವಾರ ಹೊಸ ಚಿತ್ರ ಬಂದರೆ ಮೊದಲನೆಯ ಆಟಕ್ಕೆ ಹೋಗಿ ನೆಲದ ಮೇಲೆ, ಪರದೆಗೆ ತೀರ ಹತ್ತಿರ ಕೂರುತ್ತಿದ್ದ. ಮರುದಿನ ಬೆಳಿಗ್ಗೆ ತನ್ನ ಜಗಲಿಯ ಮೇಲೆ ಕುಳಿತು ತೀರ್ಪು ಹೇಳುತ್ತಿದ್ದ. ಅದನ್ನು ಕೇಳದೆ ಬೀದಿಯಲ್ಲಿ ಯಾರೂ ಟಿಕೆಟ್ ಕೊಳ್ಳುತ್ತಿರಲಿಲ್ಲ.

ಆತ ಕಥೆಯನ್ನು ನೋಡುತ್ತಿರಲಿಲ್ಲ, ಬಟ್ಟೆಯನ್ನು ನೋಡುತ್ತಿದ್ದ. ಒಂದು ಪೌರಾಣಿಕ ಚಿತ್ರದಲ್ಲಿ ರಾಜಕುಮಾರ ನಾರುಬಟ್ಟೆ ಉಟ್ಟು ಕಾಡಿಗೆ ಹೊರಟಾಗ ಟೆಂಟಿಗೆ ಟೆಂಟೇ ಅತ್ತಿತ್ತು. ಚೌಡಯ್ಯ ಹೇಳಿದ್ದು: "ಅಂಚ್ಗೆ ಮಿಷಿನ್ ವಲ್ಗೆ ಆಕವ್ರೆ ಕಣ್ರಿ. ಕಾಡ್ಗೋಗೋನ್ಗೆ ದರ್ಜಿ ಎಲ್ಲಿ ಸಿಕ್ದ?" ತಮಿಳಿನ ಸಾಮಾಜಿಕ ಚಿತ್ರವೊಂದರಲ್ಲಿ ಬಡ ವಿಧವೆ ಭತ್ತ ಕುಟ್ಟಿ ಮಕ್ಕಳನ್ನು ಸಾಕುತ್ತಾಳೆ. "ಮೂರ್ ವರ್ಸ ಕುಟ್ಟವ್ಳೆ, ಸೀರೆ ಮಡಿಕೆ ಮುರ್ದಿಲ್ಲ. ಅವಳ್ ಅಳೋದೂ ಸುಳ್ಳು, ಕುಟ್ಟೋದೂ ಸುಳ್ಳು." ಹಿಂದಿಯ ಡಕಾಯಿತನ ಚಿತ್ರಕ್ಕೆ ಮಾತ್ರ ಕರುಣೆ ದೊರೆಯಿತು. "ಕಂಬ್ಳಿ ನಿಜವಾದ್ದು. ಕುದ್ರೇನೂ ವಸಿ ಚೆನ್ನಾಗ್ ಮಾಡ್ತು. ಮಿಕ್ಕೋರ್ನ ಮನೆಗ್ ಕಳ್ಸಬೋದಾಗಿತ್ತು."

ಟೆಂಟಿನ ಮಾಲೀಕ ಶಿವನಂಜಯ್ಯ ಇಷ್ಟನ್ನು ಸಹಿಸಿದ್ದ. ಆದರೆ ಬಡ ನೇಕಾರನೊಬ್ಬನನ್ನೇ ನಾಯಕನಾಗಿಸಿದ ಚಿತ್ರವೊಂದು ಬಂದಾಗ, ಬೀದಿಗೆ ಬೀದಿಯೇ ಬರುತ್ತದೆಂದು ನಂಬಿ ಹದಿನೈದು ದಿನಕ್ಕೆ ತರಿಸಿದ. ಶನಿವಾರ ಬೆಳಿಗ್ಗೆ ಜಗಲಿಯ ಮುಂದೆ ಇಪ್ಪತ್ತು ಜನ ನಿಂತಿದ್ದರು.

"ಎಂಗದೆ ಚೌಡಣ್ಣ?"

"ಎಡಗೈಲಿ ಎಸ್ದ ಲಾಳಿ ಬಲಗೈಗ್ ಓಗ್ದೆ ತಿರುಗಾ ಎಡಗೈಗೇ ಬಂದ್ಬುಡ್ತು. ನಾಯ್ ಸಾಕ್ದಂಗೆ ಲಾಳಿ ಸಾಕವ್ನೆ!"

ಆ ನಗು ಪೇಟೆಯವರೆಗೆ ಹೋಯಿತು. ನಾಲ್ಕನೆಯ ದಿನ ಚಿತ್ರವನ್ನು ಎತ್ತಿದರು. ಶಿವನಂಜಯ್ಯ ನನ್ನೆದುರಿಗೇ ಹೇಳಿದ: "ಇವನ್ ಬಾಯ್ಗೆ ಒಂದಿನ ಮಣ್ ಬೀಳ್ತದೆ ಸಾ."

ಇನ್ನು ಸೀರೆಯ ವಿಷಯ. ಆ ಬೀದಿಯ ಮಗ್ಗಗಳಲ್ಲಿ ಮುಕ್ಕಾಲು ಪಾಲು ಯಜಮಾನ ರಾಮಲಿಂಗಯ್ಯನವೇ. ರೇಷ್ಮೆಯೂ ಜರಿಯೂ ಅವನದು, ಕೂರುವವನು ನೇಕಾರ. ಸೀರೆಯ ಅಂಚಿನಲ್ಲಿ ಹಂಸದ ಸಾಲು ಮೂಡಿಸುವ ಚಿತ್ರದಂಚಿನ ಮಗ್ಗಕ್ಕೆ ಇಬ್ಬರು ಬೇಕು. ಗಂಡ ಲಾಳಿ ಎಸೆಯುತ್ತಾನೆ, ಹೆಂಡತಿ ಪಕ್ಕದಲ್ಲಿ ಕುಳಿತು ಅಂಚಿನ ಎಳೆಗಳನ್ನು ಎತ್ತುವ ದಾರಗಳನ್ನು ಕ್ರಮವಾಗಿ ಎಳೆಯುತ್ತಾಳೆ. ಆ ಕ್ರಮ ತಿರುಗುಮುರುಗಾದರೆ ಮುಂದೆ ನೋಡಬೇಕಾದ ಹಂಸ ಹಿಂದೆ ನೋಡುತ್ತದೆ. 1952ರ ಮಾಘದಲ್ಲಿ ಚೌಡಯ್ಯನ ಹೆಂಡತಿ ಸರಸ್ವತಮ್ಮ ಜ್ವರದಲ್ಲೇ ಮಗ್ಗಕ್ಕೆ ಕುಳಿತು ಒಂದು ಹಂಸದ ದಾರಗಳನ್ನು ಕೊನೆಯಿಂದ ಮೊದಲಿಗೆ ಎಳೆದುಬಿಟ್ಟಳು. ಸೆರಗಿನ ತುದಿಯಿಂದ ಎಣಿಸಿದರೆ ಅದು ಏಳನೆಯದು.

ರಾಮಲಿಂಗಯ್ಯ ಸೀರೆಯನ್ನು ಹತ್ತು ಜನರ ಮುಂದೆ ಬಿಡಿಸಿ ತೋರಿಸಿದ. "ಇದ್ನ ಯಾರ್ಲಾ ಉಡ್ತಾರೆ? ಸುಟ್ಟು ಜರಿ ಬೆಳ್ಳಿನಾದ್ರೂ ತಕತೀನಿ" ಎಂದ. ಸುಟ್ಟೆನೆಂದು ಆ ಮೇಲೆ ಚೌಡೇಶ್ವರಿಯ ಗುಡಿಯಲ್ಲಿ ಆಣೆಯನ್ನೂ ಇಟ್ಟ. ಚೌಡಯ್ಯನನ್ನು ಚಿತ್ರದಂಚಿನ ಮಗ್ಗದಿಂದ ಎಬ್ಬಿಸಿ ಬರಿಯಂಚಿನ ಮಗ್ಗಕ್ಕೆ ಕೂರಿಸಿದ. ಸರಸ್ವತಮ್ಮ ಆ ಜ್ವರದಿಂದ ಏಳಲಿಲ್ಲ. ಆಕೆಯ ಕೊನೆಯ ಕೆಲಸ ಬೂದಿಯಾಯಿತೆಂದೇ ಆತ ನಂಬಿದ್ದ.

1953ರ ಮೇ ತಿಂಗಳ ಎರಡನೆಯ ಶುಕ್ರವಾರ ಟೆಂಟಿಗೆ ಹೊಸ ಚಿತ್ರ ಬಂತು. ನಾನು ಬೆಂಚಿನ ಮೇಲಿದ್ದೆ. ನಾಯಕಿ ಗಂಡನ ಹೆಣದ ಮುಂದೆ ಕುಸಿದು, ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಮುಖ ಮುಚ್ಚಿ ಅಳುತ್ತಾಳೆ. ಪರದೆಯ ತುಂಬ ಸೆರಗೇ ಇರುತ್ತದೆ. ಹೆಂಗಸರ ಕಡೆಯಿಂದ ಬಿಕ್ಕು ಕೇಳುತ್ತಿತ್ತು. ಚೌಡಯ್ಯ ಎದ್ದು ನಿಂತು ಕೂಗಿದ:

"ನನ್ ಸೀರೆ! ಸುಟ್ಟಿಲ್ಲ ಕಣ್ರೋ, ಮಾರವ್ರೆ! ಏಳ್ನೇ ಅಂಸ ನೋಡ್ರೋ!"

"ಕುಂತ್ಕೊಳ್ಲಾ! ಅವಳ್ ಗಂಡ ಸತ್ತವ್ನೆ, ನಿಂಗೆ ಸೀರೆ ಚಿಂತೆ!" ಎಂದು ಯಾರೋ ಅವನನ್ನು ಎಳೆದು ಕೂರಿಸಿದರು. ಆ ದೃಶ್ಯ ಇತ್ತು. ಹಂಸಗಳನ್ನು ನಾನು ಎಣಿಸಿರಲಿಲ್ಲ. ಆ ತಪ್ಪು ನನ್ನದು.

ಶನಿವಾರ ಬೀದಿಯ ಪಂಚಾಯಿತಿ ಕೂಡಿತು. ಮಾತು ನಿಜವಾದರೆ ಚೌಡಯ್ಯನಿಗೆ ಚಿತ್ರದಂಚಿನ ಮಗ್ಗ ಹಿಂದಕ್ಕೆ ಬರಬೇಕು. ಸುಳ್ಳಾದರೆ ಯಜಮಾನನ ಕಾಲಿಗೆ ಬಿದ್ದು, ತನ್ನ ಕಣ್ಣು ಕೆಟ್ಟಿದೆಯೆಂದು ಒಪ್ಪಬೇಕು. ಭಾನುವಾರ ಎಲ್ಲರೂ ಕೂಡಿ ಚಿತ್ರ ನೋಡುವುದೆಂದು ಗೊತ್ತಾಯಿತು. ಅದೇ ಶನಿವಾರ ಮಧ್ಯಾಹ್ನ ರಾಮಲಿಂಗಯ್ಯನ ಗಾಡಿ ಟೆಂಟಿನ ಹಿಂದೆ ನಿಂತಿದ್ದುದನ್ನು ನಾನು ಕಂಡೆ. ಒಳಗೆ ಏನು ಮಾತಾಯಿತೆಂಬುದು ನನಗೆ ತಿಳಿಯದು.

ಭಾನುವಾರ ಚೌಡಯ್ಯ ಒಗೆದ ಪಂಚೆ ಉಟ್ಟು, ಹಣೆಗೆ ವಿಭೂತಿ ಇಟ್ಟು ಬಂದ. ಗಂಡ ಸತ್ತ. ಪರದೆ ಒಂದು ಕ್ಷಣ ಬೆಳ್ಳಗಾಯಿತು. ಮರುಕ್ಷಣ ನಾಯಕಿ ಬಿಳಿ ಸೀರೆಯುಟ್ಟು ಬಾವಿಯ ಬಳಿ ನಿಂತಿದ್ದಳು. ಸೆರಗಿನ ದೃಶ್ಯವೇ ಇರಲಿಲ್ಲ.

"ಚೌಡಣ್ಣ, ಅಂಸ ಆರೋಯ್ತಾ?"

"ಮೊಟ್ಟೆನಾದ್ರೂ ಇಟ್ಟದಾ ನೋಡ್ಲಾ!"

ನಾನು ಎದ್ದು, ಶುಕ್ರವಾರ ಇದ್ದ ದೃಶ್ಯ ಈಗಿಲ್ಲವೆಂದು ಗಟ್ಟಿಯಾಗಿ ಹೇಳಿದೆ. ಶಿವನಂಜಯ್ಯ ಕೈಮುಗಿದ. "ರೀಲು ಅರ್ದೋಗಿತ್ತು ಸಾ, ಅಂಟ್ಸಿದ್ದೀವಿ. ಅಳೋದ್ ನೋಡ್ಬೇಕಾ? ಇನ್ನೂ ನಾಕೈದ್ ಕಡೆ ಅಳ್ತಾಳೆ, ಕುಂತ್ಕಳಿ." ಶುಕ್ರವಾರ ಅದೇ ದೃಶ್ಯವನ್ನು ಕಂಡು ಅತ್ತಿದ್ದ ನೇಕಾರರು ಮೂವತ್ತಕ್ಕೆ ಕಡಿಮೆಯಿರಲಿಲ್ಲ. ಒಬ್ಬನೂ ಬಾಯಿ ಬಿಡಲಿಲ್ಲ. ಅವರೆಲ್ಲರೂ ರಾಮಲಿಂಗಯ್ಯನ ಮಗ್ಗದವರು.

ಚೌಡಯ್ಯ ಟೆಂಟಿನ ಮರಳಿನ ಮೇಲೆಯೇ ಕಾಲಿಗೆ ಬಿದ್ದ. ಎದ್ದಾಗ ವಿಭೂತಿಯ ಜಾಗದಲ್ಲಿ ಮರಳು ಮೆತ್ತಿತ್ತು. ಒರೆಸಿಕೊಳ್ಳಲೂ ಬಿಡದೆ ಹಾಗೆಯೇ ಬೀದಿಯುದ್ದಕ್ಕೂ ನಡೆಸಿಕೊಂಡು ಬಂದರು. ಕಣ್ಣು ಕೆಟ್ಟವನಿಗೆ ಬರಿಯಂಚಿನ ಮಗ್ಗವೂ ಏಕೆ ಎಂದು ರಾಮಲಿಂಗಯ್ಯ ಕೇಳಿದ. ಸೋಮವಾರದಿಂದ ಚೌಡಯ್ಯ ಹೆಂಗಸರ ಸಾಲಿನಲ್ಲಿ ರಾಟೆಯ ಮುಂದೆ ಕುಳಿತು ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತತೊಡಗಿದ.

ಆ ಚಿತ್ರ ಗುರುವಾರ ಹನೂರಿನ ಟೆಂಟಿಗೆ ಹೋಯಿತು. ಅದೂ ಶಿವನಂಜಯ್ಯನದೇ, ರೀಲುಗಳೂ ಅವೇ. ನಾನು ಬಸ್ಸು ಹಿಡಿದು ಹೋಗಿ, ಮುಂದಿನ ಸಾಲಿನಲ್ಲಿ ಕುಳಿತೆ. ಗಂಡ ಸತ್ತ. ಕತ್ತರಿಸಿ ತೆಗೆದದ್ದನ್ನು ಮತ್ತೆ ಅಂಟಿಸಿದ್ದರು; ಸೆರಗು ಬಂತು. ಎಣಿಸಿದೆ. ಏಳನೆಯ ಹಂಸ ಹಿಂದಕ್ಕೆ ನೋಡುತ್ತಿತ್ತು. ಸಂದೇಹ ಉಳಿಯಬಾರದೆಂದು ಶುಕ್ರವಾರವೂ ಅಲ್ಲಿಯೇ ತಂಗಿ ಮತ್ತೊಮ್ಮೆ ಎಣಿಸಿದೆ.

ಶನಿವಾರ ಹಿಂದಿರುಗಿ ಪಂಚಾಯಿತಿಯನ್ನು ಕೂಡಿಸಿದೆ. ತಾರೀಖು, ಆಟ, ಎಣಿಕೆ ಎಲ್ಲವನ್ನೂ ಹೇಳಿದೆ. ಹನೂರಿಗೆ ಬರುವವರ ಬಸ್ ಚಾರ್ಜು ನಾನೇ ಕೊಡುವೆನೆಂದೆ. ರಾಮಲಿಂಗಯ್ಯ ರಾಟೆಯ ಕಡೆಗೆ ತಿರುಗಿ, "ಏನ್ಲಾ ಚೌಡ, ಸಾಯೇಬ್ರು ಯೋಳೋದು ನಿಜವೇನ್ಲಾ?" ಎಂದ.

ಚೌಡಯ್ಯ ಎದ್ದು ನಿಂತ. "ಇಲ್ಲ ಯಜಮಾನ್ರೆ. ಸಾಯೇಬ್ರಿಗೆ ವಯಸ್ಸಾಗದೆ. ನನ್ನಂಗೇ ಅವ್ರ ಕಣ್ಣೂ ಮಂಜಾಗದೆ."

ಬೀದಿ ನಕ್ಕಿತು. ನಾನು ಮನೆಗೆ ಬಂದೆ. ಸಂಜೆ ಆತ ನನ್ನ ಬಾಗಿಲಿಗೆ ಬಂದು ಹೊಸ್ತಿಲಾಚೆಯೇ ನಿಂತ.

"ರುದ್ರಾಣಿ ಗಂಡನ್ಗೆ ಅದೇ ಚಿತ್ರದಂಚಿನ್ ಮಗ್ಗ ಕೊಟ್ಟವ್ರೆ ಸಾ, ನೆನ್ನೆ, ನೀವ್ ಅನೂರ್ನಲ್ಲಿದ್ದಾಗ." ರುದ್ರಾಣಿ ಆತನ ಒಬ್ಬಳೇ ಮಗಳು. "ನಾನು ನಿಜ ಅಂದ್ರೆ ಅವ್ನ ಎಬ್ಬುಸ್ಬುಡ್ತಾರೆ." ಆ ಮೇಲೆ ಕೇಳಿದ: "ಚೆನ್ನಾಗ್ ಕಾಣ್ತಿತ್ತಾ? ಸರಸ್ವತಿ ಅಂಸ?"

"ಚೆನ್ನಾಗಿ ಕಾಣುತ್ತಿತ್ತು" ಎಂದೆ.

ಚೌಡಯ್ಯ ಈಗಲೂ ಕಂಡಿಕೆ ಸುತ್ತುತ್ತಾನೆ. ಶುಕ್ರವಾರದ ಆಟಕ್ಕೆ ಟಿಕೆಟ್ ಕೊಳ್ಳುವುದು ಬೇಡವೆಂದು ಶಿವನಂಜಯ್ಯನೇ ಹೇಳಿಕಳುಹಿಸಿದ್ದಾನೆ. ಬಾರದಿದ್ದರೆ ರಾಮಲಿಂಗಯ್ಯನಿಗೆ ದೂರು ಹೋಗುತ್ತದೆ. ಶನಿವಾರ ಬೆಳಿಗ್ಗೆ ಜನ ಅದೇ ಜಗಲಿಯ ಮುಂದೆ ನಿಂತು, ನಗು ತಡೆದುಕೊಂಡು ಕೇಳುತ್ತಾರೆ: "ಎಂಗದೆ ಚೌಡಣ್ಣ, ಪಿಚ್ಚರು?"

"ಚೆನ್ನಾಗದೆ."

ಎರಡು ವರ್ಷಗಳಲ್ಲಿ ಬಂದ ಪ್ರತಿಯೊಂದು ಚಿತ್ರಕ್ಕೂ ಆತ ಇದೇ ಮಾತನ್ನು ಹೇಳಿದ್ದಾನೆ. ಹತ್ತು ಗಂಟೆಗೆ ಸಿನಿಮಾದ ಗಾಡಿ ತಮಟೆ ಹೊಡೆಯುತ್ತ ಬರುತ್ತದೆ. ಉಳಿದ ಬೀದಿಗಳಲ್ಲಿ ಚಿತ್ರದ ಹೆಸರನ್ನು ಕೂಗುತ್ತಾರೆ. ನಮ್ಮ ಬೀದಿಯಲ್ಲಿ, ಆತನ ಬಾಗಿಲ ಮುಂದೆ ಎತ್ತು ನಿಲ್ಲಿಸಿ, ಕೂಗುವುದು ಇಷ್ಟೇ:

"ಚೌಡಯ್ಯನೇ ಚೆನ್ನಾಗದೆ ಅಂದವ್ನೆ, ಬನ್ರಪ್ಪೋ!"